ಪೀಣ್ಯ ಹೊಸಕೋಟೆಯ ಆಚೆಗೆ ಹೋದ ಪಾಠ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಪೀಣ್ಯದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಪಠ್ಯಪೂರಕ ಚಟುವಟಿಕೆಗೆ ಹವ್ಯಾಸಿ ರೇಡಿಯೊದ ಎಪಿಆರ್‌ಎಸ್ ಪದ್ಧತಿಯನ್ನು ಆರಿಸಿಕೊಂಡೆ. ಅಮೆರಿಕದ ಬಾಬ್ ಬ್ರುನಿಂಗಾ ರೂಪಿಸಿದ ಈ ಪದ್ಧತಿಯಲ್ಲಿ ರೇಡಿಯೊ ತನ್ನ ಕರೆಸಂಕೇತದ ಜೊತೆಗೆ ತಾನಿರುವ ಅಕ್ಷಾಂಶ, ರೇಖಾಂಶಗಳನ್ನು ಚಿಕ್ಕ ಪ್ಯಾಕೆಟ್ ಆಗಿ ಕಳುಹಿಸುತ್ತದೆ. ಎತ್ತರದಲ್ಲಿರುವ ಮರುಪ್ರಸಾರ ಕೇಂದ್ರಗಳು ಅದನ್ನು ಮುಂದಕ್ಕೆ ದಾಟಿಸುತ್ತವೆ. ಮೊಬೈಲ್ ಜಾಲ ಇಲ್ಲದ ಕಡೆಯೂ ಇದು ಕೆಲಸ ಮಾಡಬಲ್ಲದು.

ಪೀಠಿಕೆ: ಭಾರತದ ಮೊದಲ ಉಪಗ್ರಹ ಎಲ್ಲಿ ತಯಾರಾಯಿತು ಎಂದು ಕೇಳಿದೆ. ಯಾರೂ ಹೇಳಲಿಲ್ಲ. 1975ರಲ್ಲಿ ಹಾರಿದ ಆರ್ಯಭಟ ಸಿದ್ಧವಾದದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ, ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರ್ಯಾಕ್ ಇರುವುದೂ ಇಲ್ಲೇ ಎಂದಾಗ ಹಿಂದಿನ ಬೆಂಚುಗಳೂ ಎಚ್ಚೆತ್ತವು.

ಚಟುವಟಿಕೆ 1: ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಆದ್ದರಿಂದ ಚೀಟಿಗಳೇ ನಮ್ಮ ಪ್ಯಾಕೆಟ್. ಪ್ರತಿ ಚೀಟಿಯ ಮೇಲೆ 2 ಎಂದು ಬರೆದಿತ್ತು. ಮರುಪ್ರಸಾರ ಕೇಂದ್ರವಾಗಿ ನಿಂತ ಪ್ರತಿ ವಿದ್ಯಾರ್ಥಿ ಒಂದನ್ನು ಕಳೆದು ಮುಂದಕ್ಕೆ ಕೊಡಬೇಕು, ಸೊನ್ನೆಯಾದರೆ ನಿಲ್ಲಿಸಬೇಕು. ಏಕೆ ನಿಲ್ಲಿಸಬೇಕು ಎಂದೆ. "ಇಲ್ಲಾಂದ್ರೆ ಚೀಟಿ ಸುತ್ತುತ್ತಾನೇ ಇರುತ್ತೆ ಮಿಸ್, ಬೇರೆಯವರಿಗೆ ಜಾಗ ಇರಲ್ಲ" ಎಂದನೊಬ್ಬ. ಎಲ್ಲರೂ ಒಂದೇ ತರಂಗಾಂತರವನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ನಾನು ಇಷ್ಟು ಚೆನ್ನಾಗಿ ವಿವರಿಸುತ್ತಿರಲಿಲ್ಲ.

ಚಟುವಟಿಕೆ 2: ತಪ್ಪಿದ್ದು ಇಲ್ಲಿ. ಫೋನು ಶಾಲೆಯ ಸ್ಥಾನವನ್ನು 13.03, 77.52 ಎಂದು ತೋರಿಸಿತು. ನಾನು ಚುಕ್ಕಿ ತೆಗೆದು ಕಪ್ಪುಹಲಗೆಯ ಮೇಲೆ 1303.00N, 07752.00E ಎಂದು ಬರೆದೆ. ಸ್ವೀಕರಿಸುವ ಗುಂಪು ಅದನ್ನು ಭೂಪಟದಲ್ಲಿ ಗುರುತಿಸಿತು. "ಮಿಸ್, ನಮ್ ಸ್ಕೂಲು ಹೊಸಕೋಟೆ ಆಚೆ ಹೋಗಿದೆ!" ತರಗತಿ ನಕ್ಕಿತು. ಒಬ್ಬ ಹುಡುಗಿ ಮಾತ್ರ ನಗದೆ ಕೇಳಿದಳು: "ಆಂಬುಲೆನ್ಸ್ ಕರೆದಿದ್ರೆ ಅಲ್ಲಿಗೇ ಹೋಗ್ತಿತ್ತಾ ಮಿಸ್?"

ಹೌದು ಎಂದೆ. ತಪ್ಪು ನನ್ನದೆಂದೂ ಹೇಳಿ, ಅದು ಎಲ್ಲಿದೆ ಎಂದು ಅವರೇ ಹುಡುಕಲು ಬಿಟ್ಟೆ. ಫೋನು ತೋರಿಸಿದ್ದು ಡಿಗ್ರಿಯ ದಶಮಾಂಶ. ಎಪಿಆರ್‌ಎಸ್ ಕೇಳುವುದು ಡಿಗ್ರಿ ಮತ್ತು ಮಿನಿಟು. ಒಂದು ಡಿಗ್ರಿಗೆ 60 ಮಿನಿಟು. 0.52 × 60 = 31.2, 0.03 × 60 = 1.8. ಆದ್ದರಿಂದ ಸರಿಯಾದ ರೂಪ 1301.80N, 07731.20E. ರೇಖಾಂಶದಲ್ಲಿ ನನ್ನ ತಪ್ಪು 20.8 ಮಿನಿಟು. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ಮಿನಿಟು ಸುಮಾರು 1.8 ಕಿ.ಮೀ. ಅಂದರೆ ಶಾಲೆ ಪೂರ್ವಕ್ಕೆ ಸುಮಾರು 37 ಕಿ.ಮೀ. ಸರಿದಿತ್ತು.

ಅವಲೋಕನ: ಹೊಸಬರಿಗೆ ಉಪಕರಣಕ್ಕಿಂತ ಮೊದಲು ಬೇಕಾದದ್ದು ಅಂಕಿಯ ಅರ್ಥ ಎಂಬುದು ನನಗೆ ಮನವರಿಕೆಯಾಯಿತು. ಮುಂದಿನ ತರಗತಿಯಲ್ಲಿ ನಾನು ಬೇಕೆಂದೇ ತಪ್ಪು ಸ್ಥಾನ ಕೊಟ್ಟು ಪಾಠ ಆರಂಭಿಸಿದೆ. ಪ್ರತಿ ಗುಂಪೂ ಕಳುಹಿಸುವ ಮುನ್ನ ತನ್ನ ಸ್ಥಾನವನ್ನು ಭೂಪಟದಲ್ಲಿ ಗುರುತಿಸಿ ನೋಡಬೇಕೆಂಬ ನಿಯಮವನ್ನೂ ಸೇರಿಸಿದೆ. 12 ವರ್ಷ ತುಂಬಿದವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆದು ಹವ್ಯಾಸಿ ಪರವಾನಗಿ ಪಡೆಯಬಹುದು ಎಂದು ತಿಳಿಸಿದಾಗ, ಆಂಬುಲೆನ್ಸ್ ಪ್ರಶ್ನೆ ಕೇಳಿದ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಈ ಪಾಠ ಮಾಡುವ ಸಹಪಾಠಿಗಳಿಗೆ ನನ್ನ ಸಲಹೆ ಒಂದೇ: ಭೂಪಟವಿಲ್ಲದೆ ತರಗತಿಗೆ ಹೋಗಬೇಡಿ.