ಗ್ಯಾಲನ್ ಎಂಬ ಹಳೆಯ ಅಳತೆ

ಮುಂಗಾರಿಗೆ ಮುನ್ನ ಬೋರ್ಡೋ ದ್ರಾವಣ ಹೊಡೆಯುವ ಸಿದ್ಧತೆಯಲ್ಲಿರುವ ಸದಸ್ಯ ಬಾಂಧವರಲ್ಲಿ ಕೆಲವರ ಮನೆಯಲ್ಲಾದರೂ ಹಿರಿಯರು ಬರೆದಿಟ್ಟ ಹಳೆಯ ಲೆಕ್ಕದ ಪುಸ್ತಕ ಇದ್ದೀತು. ಅದರಲ್ಲಿ ಕೊಳೆರೋಗದ ಔಷಧಿಗೆ ‘5-5-50’ ಎಂದಷ್ಟೇ ಬರೆದಿರುತ್ತದೆ. ಐದು ಪೌಂಡು ಮೈಲುತುತ್ತ, ಐದು ಪೌಂಡು ಸುಣ್ಣ, ಐವತ್ತು ಗ್ಯಾಲನ್ ನೀರು ಎಂದು ಅದರ ಅರ್ಥ. ಬರೆದವರಿಗೆ ಅದು ಗೊತ್ತಿದ್ದುದರಿಂದ ಪೌಂಡು, ಗ್ಯಾಲನ್ ಎಂದು ನಮೂದಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಇದರಿಂದ ಏನಾಗಬಹುದೆಂಬುದಕ್ಕೆ ನಮ್ಮ ತೋಟದ ಉದಾಹರಣೆಯನ್ನೇ ಕೊಡುತ್ತೇವೆ. ಒಂದು ವರ್ಷ ಔಷಧಿ ಹೊಡೆಯುವ ದಿನ ನಾವು ಸಂಘದ ಸಭೆಗೆ ಹೊರಟಿದ್ದೆವು. ಅವಸರದಲ್ಲಿ ತಂದೆಯವರ ಪುಸ್ತಕದಲ್ಲಿದ್ದ ಲೆಕ್ಕವನ್ನು ಚೀಟಿಯಲ್ಲಿ ಬರೆದು, ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನ ಕೈಗಿತ್ತೆವು. ಅವನು ಹುಟ್ಟುವ ಹೊತ್ತಿಗೆ ಪೌಂಡೂ ಗ್ಯಾಲನ್ನೂ ಮರೆತುಹೋಗಿದ್ದವು. ಐದು ಕಿಲೋ ಮೈಲುತುತ್ತ, ಐದು ಕಿಲೋ ಸುಣ್ಣ, ಐವತ್ತು ಲೀಟರ್ ನೀರು ಎಂದು ಓದಿ ಹಾಗೆಯೇ ಕಲಸಿದ. ನಾವು ಮರಳುವಾಗ ಪಂಪಿನ ಮೂತಿ ಕಟ್ಟಿಕೊಂಡು ಮೂವರು ಆಳುಗಳು ಕೈಕಟ್ಟಿ ಕುಳಿತಿದ್ದರು. ಡ್ರಮ್ಮಿನಲ್ಲಿದ್ದದ್ದು ದ್ರಾವಣವಲ್ಲ, ನೀಲಿ ಹಿಟ್ಟು. ನೂರಕ್ಕೆ ಒಂದಿರಬೇಕಾದ ಮೈಲುತುತ್ತ ನೂರಕ್ಕೆ ಹತ್ತಾಗಿತ್ತು. ಹುಡುಗನನ್ನು ಬೈಯುವ ಹಕ್ಕು ನಮಗಿರಲಿಲ್ಲ; ಐದಕ್ಕೆ ಐವತ್ತು ಎಂದರೆ ಯಾರಾದರೂ ಹಾಗೆಯೇ ತಿಳಿದಾರು.

ಹಾಗಾದರೆ ಹಿರಿಯರ ಐದು-ಐವತ್ತು ಒಂದು ಶೇಕಡಾ ಆದದ್ದು ಹೇಗೆ? ಗುಟ್ಟು ಗ್ಯಾಲನ್ನಿನಲ್ಲಿದೆ. ಬ್ರಿಟಿಷ್ ಸಂಸತ್ತು 1824ರ ಕಾಯಿದೆಯಲ್ಲಿ ಇಂಪೀರಿಯಲ್ ಗ್ಯಾಲನ್ನನ್ನು ಗೊತ್ತುಪಡಿಸುವಾಗ ಪಾತ್ರೆಯ ಉದ್ದಗಲದಿಂದ ಹೊರಡಲಿಲ್ಲ. ನೀರಿನ ತೂಕದಿಂದ ಹೊರಟಿತು. 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಹತ್ತು ಪೌಂಡು ತೂಗುವ ಶುದ್ಧ ನೀರು ಎಷ್ಟು ಜಾಗ ಹಿಡಿಯುವುದೋ ಅಷ್ಟು ಒಂದು ಗ್ಯಾಲನ್. ಆದ್ದರಿಂದ ಐವತ್ತು ಗ್ಯಾಲನ್ ನೀರೆಂದರೆ ಐನೂರು ಪೌಂಡು. ಐನೂರು ಪೌಂಡಿಗೆ ಐದು ಪೌಂಡು ಮೈಲುತುತ್ತ ಎಂದರೆ ಸರಿಯಾಗಿ ನೂರಕ್ಕೆ ಒಂದು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ನಮಗೆ ಇಂದು ಲೆಕ್ಕ ಎಷ್ಟು ಸುಲಭವೋ, ಗ್ಯಾಲನ್ನಿನಿಂದ ಅವರಿಗೂ ಅಷ್ಟೇ ಸುಲಭವಾಗಿತ್ತು. ಒಂದು ಸೊನ್ನೆ ಸೇರಿಸಿಕೊಂಡರಾಯಿತು. ಹಳ್ಳಿಯಲ್ಲಿ ಗ್ಯಾಲನ್ ಪಾತ್ರೆ ಯಾರಲ್ಲಿತ್ತು ಎಂದು ಕೇಳಬಹುದು. ಸೀಮೆಎಣ್ಣೆ ಡಬ್ಬ ಇತ್ತಲ್ಲ! ಅದು ನಾಲ್ಕು ಗ್ಯಾಲನ್ನಿನದೆಂದೇ ಲೆಕ್ಕ. ಹನ್ನೆರಡೂವರೆ ಡಬ್ಬ ನೀರು ಹೊತ್ತು ಹಾಕಿದರೆ ಐವತ್ತು ಗ್ಯಾಲನ್.

ಇಂದಿನ ಅಳತೆಗೆ ತಂದರೆ ಪೌಂಡು 454 ಗ್ರಾಂ, ಇಂಪೀರಿಯಲ್ ಗ್ಯಾಲನ್ 4.546 ಲೀಟರ್. 5-5-50 ಎಂದರೆ ಸುಮಾರು 2.27 ಕಿಲೋ ಮೈಲುತುತ್ತ, ಅಷ್ಟೇ ಸುಣ್ಣ, 227 ಲೀಟರ್ ನೀರು.

ಇನ್ನೊಂದು ತೊಡಕಿದೆ. ಅಮೆರಿಕದ ಗ್ಯಾಲನ್ ಇದಲ್ಲ. 1824ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ದ್ರಾಕ್ಷಾರಸಕ್ಕೆ ಒಂದು ಗ್ಯಾಲನ್, ಬಿಯರಿಗೆ ಇನ್ನೊಂದು, ಧಾನ್ಯಕ್ಕೆ ಮತ್ತೊಂದು ಇದ್ದವು. (ನಮ್ಮಲ್ಲಿ ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದುದನ್ನು ನೋಡಿ ನಕ್ಕ ದೊರೆಗಳ ಮನೆಯ ಸಂಗತಿಯಿದು.) ಅಮೆರಿಕನ್ನರು ಬ್ರಿಟಿಷರಿಂದ ಬೇರ್ಪಟ್ಟದ್ದು ಅದಕ್ಕೂ ಮೊದಲೇ ಆದುದರಿಂದ ಹೊಸ ಕಾಯಿದೆ ಅವರಿಗೆ ತಾಗಲಿಲ್ಲ. ದ್ರಾಕ್ಷಾರಸದ ಸಣ್ಣ ಗ್ಯಾಲನ್ನನ್ನೇ ಉಳಿಸಿಕೊಂಡರು. ಅದು 3.785 ಲೀಟರ್. ಇಂಪೀರಿಯಲ್ ಐದಕ್ಕೆ ಅಮೆರಿಕದ ಆರು ಎಂದು ನೆನಪಿಟ್ಟುಕೊಂಡರೆ ಸಾಕು. ಹೊರದೇಶದಲ್ಲಿರುವ ಮಕ್ಕಳು ಕಾರಿನ ಮೈಲೇಜಿನ ಸುದ್ದಿ ಹೇಳುವಾಗಲೂ ಇದು ಉಪಯೋಗಕ್ಕೆ ಬರುತ್ತದೆ: ಇಂಗ್ಲೆಂಡಿನ ಲೆಕ್ಕದಲ್ಲಿ ಗ್ಯಾಲನ್ನಿಗೆ 36 ಮೈಲಿ ಓಡುವ ಕಾರು ಅಮೆರಿಕದ ಲೆಕ್ಕದಲ್ಲಿ 30 ಮೈಲಿ ಮಾತ್ರ.

ಔಷಧಿಯ ವಿಷಯದಲ್ಲಿ ಈ ಆರನೇ ಒಂದು ಪಾಲು ಸಣ್ಣದಲ್ಲ. ಅಮೆರಿಕದ ಕೈಪಿಡಿಯೊಂದರಲ್ಲಿ ‘ನೂರು ಗ್ಯಾಲನ್ನಿಗೆ ಇಷ್ಟು’ ಎಂದಿದ್ದರೆ ಅದು 378 ಲೀಟರಿಗೆ ಹೇಳಿದ್ದು. ನಮ್ಮ ಹಳೆಯ ರೂಢಿಯಂತೆ 454 ಲೀಟರಿಗೆ ಕಲಸಿದರೆ ಔಷಧಿ ಆರನೇ ಒಂದು ಪಾಲು ತೆಳುವಾಗುತ್ತದೆ. ಆಷಾಢದ ಮಳೆ ಬಿಡದೆ ಹೊಯ್ಯುವಾಗ ತೆಳು ಔಷಧಿಯನ್ನು ನಂಬಿ ಕುಳಿತರೆ ಗೊನೆಯಿಂದ ಹಸಿ ಅಡಿಕೆ ಉದುರಿದ ಮೇಲೆಯೇ ತಿಳಿಯುವುದು. ಪುಸ್ತಕ ಎಲ್ಲಿಯದೆಂದು ಮೊದಲು ನೋಡಬೇಕು; ಬ್ರಿಟನ್ನಿನದಾದರೆ ದೊಡ್ಡ ಗ್ಯಾಲನ್, ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿ ಬರುವುದಕ್ಕೆ ಮುಂಚಿನದಾದರೂ ದೊಡ್ಡದೇ.

ಮೈಲುತುತ್ತ, ಸುಣ್ಣ ಬೆರೆಸುವ ಕ್ರಮ ಎಲ್ಲರೂ ಬಲ್ಲದ್ದೇ. ಅಳತೆಗೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಅನುಕೂಲ. ಅಡಿಕೆಗೆ ಒಂದು ಶೇಕಡಾ ಬೇಕಾದರೆ ಡ್ರಮ್ಮಿಗೆ ತಲಾ ಎರಡು ಕಿಲೋ. ಕಾಫಿಯ ಎಲೆತುಕ್ಕಿಗೆ ಅರ್ಧ ಶೇಕಡಾ ಸಾಕಾದ್ದರಿಂದ ತಲಾ ಒಂದು ಕಿಲೋ. ಆದರೆ ಡ್ರಮ್ಮನ್ನು ಕಂಠಮಟ್ಟ ತುಂಬಿದರೆ 200ಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಹತ್ತು ಲೀಟರಿನ ಬಕೆಟಿನಲ್ಲಿ ಒಮ್ಮೆ ಇಪ್ಪತ್ತು ಬಾರಿ ಅಳೆದು ಹಾಕಿ, ನೀರು ನಿಂತಲ್ಲಿ ಬಣ್ಣದಿಂದ ಗೆರೆ ಎಳೆದಿಡಿ. ನಮ್ಮ ಹಳೆಯ ಪುಸ್ತಕದ ಆ ಪುಟದಲ್ಲಿ 5-5-50ರ ಪಕ್ಕಕ್ಕೇ ಈಗ ಕೆಂಪು ಶಾಯಿಯಲ್ಲಿ ಪೌಂಡು, ಪೌಂಡು, ಗ್ಯಾಲನ್ ಎಂದು ಬರೆದಿದ್ದೇವೆ.