ಕಾರ್ ಶೆಡ್ಡಿನಲ್ಲಿ ಮರಗೆಲಸದ ಕೋಣೆ



ನಮ್ಮ ಕರಾವಳಿಯ ಅನೇಕ ಮನೆಗಳ ಬದಿಯಲ್ಲಿ ಒಂದು ಕಾರ್ ಶೆಡ್ ಇರುತ್ತದೆ. ಅದರಲ್ಲಿ ಕಾರು ಇರುವುದು ಅಪರೂಪ. ಕಾಲು ಮುರಿದ ಕುರ್ಚಿ, ತೆಂಗಿನ ಸಿಪ್ಪೆಯ ಗೋಣಿ, ಅಡಿಕೆ ಒಣಗಿಸುವ ಟರ್ಪಾಲು, ಮಕ್ಕಳು ಬಿಟ್ಟ ಸೈಕಲ್ಲು, ಇವೇ ತುಂಬಿರುತ್ತವೆ. ಮರದ ಲಟ್ಟಣಿಗೆ, ಚಪಾತಿ ಮಣೆ, ಸೌಟು, ಸ್ಟೂಲು ಮಾಡಲು ಕಲಿತ ಸದಸ್ಯೆಯರು "ನಮ್ಮ ಶೆಡ್ಡಲ್ಲೇ ಕೆಲಸ ಶುರು ಮಾಡ್ಬಹುದಾ?" ಎಂದು ಕೇಳುತ್ತಾರೆ. ಧಾರಾಳವಾಗಿ ಮಾಡಬಹುದು. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆ "ಯಾವ ಮಿಷನ್ ತಗೊಳ್ಳೋದು?" ಎಂಬುದು. ನಮ್ಮ ಅಭಿಪ್ರಾಯದಲ್ಲಿ ಅದು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ.

ಯಾಕೆಂದು ಲೆಕ್ಕ ಹಾಕಿ ನೋಡೋಣ. ಸಂಘದಿಂದ 50,000 ರೂ. ಸಾಲ ತೆಗೆದು ಮಿಷನ್ ತಂದಿರಿ ಎಂದಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ಮೊದಲ ತಿಂಗಳೇ 1,000 ರೂ. ಬಡ್ಡಿ ಬೀಳುತ್ತದೆ. ಜೂನ್ ಬಂತು, ಶೆಡ್ಡಿನೊಳಗೆ ನೀರು ಹರಿಯಿತು, ಮರ ಒದ್ದೆಯಾಯಿತು, ವಯರು ಶಾಕ್ ಹೊಡೆಯಿತು, ಕೆಲಸ ನಿಂತಿತು. ಅಸಲು ಕಟ್ಟಲಾಗದೆ ಸೆಪ್ಟೆಂಬರ್ ತನಕ ಕಳೆದರೆ ಬಡ್ಡಿಯೇ 4,000 ರೂ. ಆಯಿತು. ಮಿಷನ್ ಮಾತ್ರ ಗೋಣಿ ಹೊದ್ದು ಮಲಗಿರುತ್ತದೆ. ಆದ್ದರಿಂದ ಮೊದಲ ಕಂತಿನ ಹಣ ಮಾಡು, ನೆಲ, ಬೆಳಕು, ವಯರಿಂಗ್ ಇವುಗಳಿಗೆ ಹೋಗಲಿ. ಕೈ ಉಪಕರಣಗಳಾದ ಗರಗಸ, ಉಳಿ, ಕೀಸುಳಿ ಇಟ್ಟುಕೊಂಡು ಒಂದು ಮಳೆಗಾಲ ಅದೇ ಕೋಣೆಯಲ್ಲಿ ಕೆಲಸ ಮಾಡಿ ನೋಡಿ. ಕೋಣೆಯ ಗುಣ ಆಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ಹೇಳಲು ಸ್ವಲ್ಪ ಮುಜುಗರವಾದರೂ ಹೇಳಲೇಬೇಕು. ಆ ಶೆಡ್ ಯಾರ ಹೆಸರಲ್ಲಿದೆ? ಹೆಚ್ಚಾಗಿ ಯಜಮಾನರದ್ದೋ ಮಾವನದ್ದೋ ಹೆಸರಿನಲ್ಲಿರುತ್ತದೆ. ನಿಮ್ಮ ಸಾಲದ ಹಣ ಅದರ ನೆಲಕ್ಕೆ ಹೋಗುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾತಾಡಿ. ಊರಿಗೆ ಬಂದ ಮಗ "ಅಮ್ಮಾ, ಕಾರು ಎಲ್ಲಿ ನಿಲ್ಲಿಸಲಿ?" ಎಂದು ಕೇಳಿದ ದಿನ ನಿಮ್ಮ ಬೆಂಚು ಅಂಗಳಕ್ಕೆ ಬರಬಾರದಲ್ಲವೇ? ಎಷ್ಟು ವರ್ಷಕ್ಕೆ ಈ ಜಾಗ ನಿಮ್ಮ ಕೆಲಸಕ್ಕೆ ಎಂಬುದನ್ನು ಒಂದು ಕಾಗದದಲ್ಲಿ ಬರೆದಿಟ್ಟರೆ ತಪ್ಪೇನೂ ಇಲ್ಲ.

ನೆಲ ಮತ್ತು ಮಾಡು

ಕಾರ್ ಶೆಡ್ಡಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ, ಕಾರು ತೊಳೆದ ನೀರು ಹೊರಗೆ ಹೋಗಲಿ ಎಂದು. ಇಡೀ ನೆಲ ಅಗೆಯಬೇಕಾಗಿಲ್ಲ. ಬೆಂಚಿನ ಕಾಲಿಗೆ ಮರದ ತುಂಡು ಕೊಟ್ಟು ಮಟ್ಟ ಮಾಡಿದರೆ ಸಾಕು. ಅಂಗಳವೇ ಎತ್ತರವಾಗಿ ನೀರು ಒಳಗೆ ಬರುವಂತಿದ್ದರೆ ಬಾಗಿಲಲ್ಲಿ 2–3 ಇಂಚಿನ ಸಿಮೆಂಟ್ ಹೊಸ್ತಿಲು ಕಟ್ಟಿಸಿ, ಹೊರಗೆ ಚರಂಡಿ ತೋಡಿ.

ನೆಲದಡಿಯಿಂದ ತೇವ ಏರುತ್ತದೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಬದಿಗೆ ಟೇಪು ಅಂಟಿಸಿ, ಒಂದೆರಡು ದಿನ ಬಿಡಿ. ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಇದ್ದರೆ ಆ ನೆಲದ ಮೇಲೆ ಮರವನ್ನು ನೇರವಾಗಿ ಇಡಲೇಬಾರದು. ಕಲ್ಲು ಅಥವಾ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಹಲಗೆಗಳ ನಡುವೆ ಸಣ್ಣ ಪಟ್ಟಿ ಕೊಟ್ಟು ಪೇರಿಸಿದರೆ ಗಾಳಿ ಆಡುತ್ತದೆ. ಒಂದು ಇಂಚು ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು ಎನ್ನುವುದು ಬಡಗಿಗಳ ಲೆಕ್ಕ. ಹಲಸು, ಮಾವು, ಅಕೇಶಿಯಾ ಯಾವುದಾದರೂ ಅಷ್ಟೇ. ರಬ್ಬರ್ ಮರವನ್ನು ಮಾತ್ರ ಸೀಳಿದ ಕೂಡಲೇ ಬೋರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ಸಂಸ್ಕರಿಸದಿದ್ದರೆ ನೀಲಿ ಬೂಷ್ಟು, ಹುಳ ಎರಡೂ ಬರುತ್ತವೆ. ಸಂಸ್ಕರಿಸಿದ್ದನ್ನೇ ಕೇಳಿ ತನ್ನಿ.

ಮಾಡು ತಗಡಿನದ್ದಾದರೆ ಮಾರ್ಚ್‌ನಿಂದ ಮೇ ತನಕ ಒಳಗೆ ನಿಲ್ಲುವುದೇ ಕಷ್ಟ. ತಗಡಿನ ಮೇಲ್ಮೈಗೆ ಬಿಳಿ ಸುಣ್ಣ ಬಳಿದರೆ ಬಿಸಿ ಕಡಿಮೆಯಾಗುತ್ತದೆ. ಕೆಳಗೆ ಬಿದಿರಿನ ತಟ್ಟಿ ಕಟ್ಟಿ ನಡುವೆ ಒಂದು ಅಡಿ ಗಾಳಿಗೆ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಹಳೆಯ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟು ಇದ್ದಲ್ಲಿ ಅದನ್ನು ಕೊರೆಯುವುದು, ಕತ್ತರಿಸುವುದು, ಗೀಚಿ ತೊಳೆಯುವುದು ಬೇಡವೇ ಬೇಡ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷಗಳ ನಂತರ ಕಾಯಿಲೆ ತರುತ್ತದೆ. ಒಡೆಯದೆ ಗಟ್ಟಿಯಾಗಿದ್ದರೆ ಹಾಗೇ ಬಿಟ್ಟು ಕೆಳಗಿನಿಂದ ತಟ್ಟಿ ಕಟ್ಟಿ. ತಟ್ಟಿಯನ್ನು ಗೋಡೆ ಅಥವಾ ಅಡ್ಡಪಟ್ಟಿಗೆ ಬಿಗಿಯಬೇಕೇ ಹೊರತು ಶೀಟಿಗಲ್ಲ.

ವಿದ್ಯುತ್ತು, ಬೆಳಕು

ಶೆಡ್ಡಿನಲ್ಲಿ ಸಾಧಾರಣವಾಗಿ ಒಂದು ಬಲ್ಬು, ಒಂದು 6 ಆಂಪಿಯರ್ ಪಾಯಿಂಟು ಇರುತ್ತದೆ. ಒಂದು ಎಚ್.ಪಿ. ಎಂದರೆ 746 ವ್ಯಾಟ್. ಮೋಟಾರು ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಓಡುವಾಗಿನದ್ದಕ್ಕಿಂತ ಹಲವು ಪಟ್ಟು. ಇದಕ್ಕೆ ಮೇನ್ ಬೋರ್ಡಿನಿಂದ ಬೇರೆಯೇ ವಯರು, 16 ಆಂಪಿಯರ್ ಮೂರು ಪಿನ್ನಿನ ಪಾಯಿಂಟು, ಸರಿಯಾದ ಅರ್ಥಿಂಗ್ ಬೇಕು. ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡುವವರ ಜೀವ ಉಳಿಸುವ ಸಾಧನ ಅದು. ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ. ಮಾರಾಟಕ್ಕಾಗಿ ಮಾಡುವ ಕೆಲಸವಾದ್ದರಿಂದ ಯಾವ ದರದ ಮೀಟರು ಬೇಕು ಎಂದು ಮೆಸ್ಕಾಂ ಶಾಖಾ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಬೆಳಕಿನ ವಿಷಯದಲ್ಲಿ ಹಲವರಿಗೆ ತಿಳಿಯದ ಒಂದು ಅಪಾಯ ಇದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಿನಲ್ಲಿ ತಿರುಗುತ್ತಿರುವ ಲೇತ್ ಕೆಲವೊಮ್ಮೆ ನಿಂತ ಹಾಗೆ ಕಾಣುತ್ತದೆ. ನಿಂತಿದೆ ಎಂದು ಕೈ ಹಾಕಿದರೆ ಮುಗಿಯಿತು. ಒಳ್ಳೆಯ ಎಲ್‌ಇಡಿ ಟ್ಯೂಬು ಬೆಂಚಿನ ಮೇಲೊಂದು, ಮಿಷನ್ ಬಳಿ ಇನ್ನೊಂದು ಹಾಕಿ. ಮಿನುಗುತ್ತದೆಯೇ ಎಂದು ಅಂಗಡಿಯಲ್ಲೇ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಪಟ್ಟಿ ಪಟ್ಟಿಯಾಗಿ ಓಡಿದರೆ ಬೇಡ.

ಮರದ ಹುಡಿ

"ಮರದ ಹುಡಿ ಅಲ್ವಾ, ಏನಾಗ್ತದೆ?" ಎನ್ನುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಹುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮೂಗಿನ ಒಳಭಾಗಕ್ಕೆ ಅದರ ಅಪಾಯ ಹೆಚ್ಚು. ಕಣ್ಣಿಗೆ ಕಾಣುವ ದೊಡ್ಡ ಚೂರು ಅಷ್ಟು ತೊಂದರೆ ಮಾಡದು, ಸ್ಯಾಂಡ್ ಪೇಪರ್ ಉಜ್ಜುವಾಗ ಏಳುವ ನಯವಾದ ಹುಡಿಯೇ ಕೆಟ್ಟದ್ದು. ಸೆರಗು ಮುಚ್ಚಿಕೊಂಡರೆ ಅದು ತಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರೂ ನೋಡಿದ ಎನ್95 ಮಾಸ್ಕು, ಮೂಗಿಗೆ ಬಿಗಿಯಾಗಿ ಕೂರುವಂಥದ್ದು ಬೇಕು. ಒಂದು ಬದಿ ಕಿಟಕಿ ಅಥವಾ ಜಾಲಿ, ಎದುರು ಬದಿ ಮಿಷನ್ ಹತ್ತಿರವೇ ಎಕ್ಸಾಸ್ಟ್ ಫ್ಯಾನ್ ಇದ್ದರೆ ಹುಡಿ ನಿಮ್ಮ ಮುಖ ದಾಟಿ ಹೋಗುವುದಿಲ್ಲ. ಫ್ಯಾನು ಅಡುಗೆಮನೆ ಕಡೆಗೋ ತೊಟ್ಟಿಲು ಇರುವ ಕೋಣೆ ಕಡೆಗೋ ಊದಬಾರದು. ಒಣ ಹಿಡಿಸೂಡಿಯಿಂದ ಗುಡಿಸುವ ಬದಲು ಸ್ವಲ್ಪ ನೀರು ಚಿಮುಕಿಸಿ ಗುಡಿಸಿ.

ಅದೇ ಶೆಡ್ಡಿನಲ್ಲಿ ಸ್ಕೂಟರ್ ನಿಲ್ಲಿಸುವುದು, ಸಿಲಿಂಡರ್ ಇಡುವುದು ಬೇಡ. ಪೆಟ್ರೋಲಿನ ಆವಿ, ಮೋಟಾರಿನ ಕಿಡಿ, ಒಣ ಹುಡಿ ಮೂರೂ ಒಂದೆಡೆ ಸೇರಬಾರದು. ಅಗಸೆ ಎಣ್ಣೆ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.

ನಮ್ಮ ಅಳತೆಯ ಬೆಂಚು

ಪೇಟೆಯಲ್ಲಿ ಸಿಗುವ ಬೆಂಚುಗಳನ್ನು ಗಂಡಸರ ಎತ್ತರಕ್ಕೆ ಮಾಡಿರುತ್ತಾರೆ. ಅದರ ಮೇಲೆ ದಿನವಿಡೀ ಕೀಸಿದರೆ ಹೆಗಲು ನೋವು ಖಂಡಿತ. ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟು ಎಲ್ಲಿಗೆ ಬರುತ್ತದೋ ಅದೇ ನಿಮ್ಮ ಬೆಂಚಿನ ಎತ್ತರ. ಐದು ಅಡಿ ಎತ್ತರದವರಿಗೆ ಅದು ಸುಮಾರು 28–30 ಇಂಚು. ಲೇತಿನ ನಡುಗೆರೆ ಮಾತ್ರ ಮೊಣಕೈ ಮಟ್ಟಕ್ಕೆ ಬರಬೇಕು. ಸಿಮೆಂಟ್ ನೆಲದ ಮೇಲೆ ನಿಲ್ಲುವಲ್ಲಿ ಹಳೆಯ ರಬ್ಬರ್ ಮ್ಯಾಟ್ ಹಾಕಿ, ಸಂಜೆ ಕಾಲು ನಿಮಗೆ ಥ್ಯಾಂಕ್ಸ್ ಹೇಳ್ತದೆ. ಹಲಗೆ ಕೊಯ್ಯುವ ಮಿಷನ್ ಬಾಗಿಲಿಗೆ ನೇರವಾಗಿರಲಿ. 8 ಅಡಿ ಹಲಗೆಗೆ ಮಿಷನ್ನಿನ ಹಿಂದೆ 8, ಮುಂದೆ 8 ಅಡಿ ಬೇಕು. ಶೆಡ್ಡಿನಲ್ಲಿ ಅಷ್ಟು ಜಾಗ ಇರುವುದಿಲ್ಲ, ಬಾಗಿಲು ತೆರೆದರೆ ಅಂಗಳವೂ ಸೇರುತ್ತದೆ.

ಲೇತ್ ಮುಂದೆ ಸೆರಗು, ವೇಲು, ಬಿಟ್ಟ ಜಡೆ, ಬಳೆ, ಉದ್ದದ ಕರಿಮಣಿ ಯಾವುದೂ ಬೇಡ. ಕೈಗವಸು ಕೂಡ ಬೇಡ, ಅದು ಸಿಕ್ಕಿಹಾಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕರಿಮಣಿ ತೆಗೆಯಲು ಮನಸ್ಸು ಬಾರದವರು ಅದನ್ನು ಬಟ್ಟೆಯೊಳಗೆ ಸೇರಿಸಿ ಮೇಲೆ ಏಪ್ರನ್ ಬಿಗಿಯಾಗಿ ಕಟ್ಟಿಕೊಳ್ಳಿ. ಚನ್ನಪಟ್ಟಣದಲ್ಲಿ ಹೆಂಗಸರು ಲೇತಿನಲ್ಲಿ ಹಾಲೆ ಮರ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಆ ಉಜ್ಜುವ ಬಿಸಿಗೇ ಕರಗಿಸಿ ಹಚ್ಚುವುದನ್ನು ನೋಡಬಹುದು. ಇದು ಗಂಡಸರ ಕೆಲಸ ಎನ್ನುವವರಿಗೆ ಅಲ್ಲಿಗೆ ಒಂದು ಬಸ್ ಟಿಕೆಟ್ ಕೊಡಿಸಿ.

ಸರಕಾರದ ನೆರವು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಆಟಿಕೆ ತಯಾರಿಯೂ ಇವೆ. ತರಬೇತಿ, ಉಪಕರಣಕ್ಕೆ 15,000 ರೂ., ಶೇ. 5 ಬಡ್ಡಿಗೆ ಮೊದಲು 1 ಲಕ್ಷ ರೂ. ತನಕ ಸಾಲ ಅದರಲ್ಲಿ ಸೇರಿವೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಯಾರ ಹೆಸರು ಎಂಬುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿ. ಮಕ್ಕಳ ಆಟಿಕೆ ಮಾರುವ ಯೋಚನೆ ಇದ್ದರೆ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ ಎಂಬುದು ಗೊತ್ತಿರಲಿ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಕೊಡಲಾಗಿದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:

ನಮ್ಮ ಸಂಘದಲ್ಲಿ ಯಾರ ಮನೆಯ ಶೆಡ್ ಖಾಲಿ ಇದೆ? ಮಳೆಗಾಲದಲ್ಲಿ ಅದರೊಳಗೆ ನೀರು ಬರುತ್ತದೆಯೇ?

ಸಾಲ ಕೊಡುವ ಮೊದಲು ವಯರಿಂಗ್ ಮತ್ತು ಮಾಡು ನೋಡಿ ಬರಲು ಇಬ್ಬರು ಸದಸ್ಯೆಯರನ್ನು ಯಾಕೆ ಕಳುಹಿಸಬಾರದು?

ಮೂರು ನಾಲ್ಕು ಮಂದಿ ಸೇರಿ ಒಂದೇ ಶೆಡ್ ಬಳಸಿದರೆ ಬಾಡಿಗೆ, ಕರೆಂಟ್ ಬಿಲ್ಲು, ಮಿಷನ್ ರಿಪೇರಿ ಇವುಗಳನ್ನು ಹಂಚಿಕೊಳ್ಳುವುದು ಹೇಗೆ? ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ.