ಹೇಸಿಗೆ ಬರಬೇಕಾದಲ್ಲಿ ಕಣ್ಣೀರು ಯಾಕೆ ಬರ್ತದೆ?

‘ಮೇಡ್ ಇನ್ ಅಬಿಸ್’ ಅನಿಮೆ ನೋಡಿದ ಗೆಳೆಯರ ಬಾಯಲ್ಲಿ ಒಂದು ಮಾತು ಕೇಳ್ತಾ ಇರ್ತೇವೆ: 10ನೇ ಕಂತು ನೋಡಿ ಊಟ ಸೇರಲಿಲ್ಲ, 13ನೇ ಕಂತು ನೋಡಿ ಅಳು ತಡೀಲಿಲ್ಲ. ಪಕ್ಕದ ರೂಮಿನವರ ಪ್ರಶ್ನೆಯೂ ಗೊತ್ತಿದ್ದದ್ದೇ: “ಕಾರ್ಟೂನ್ ನೋಡಿ ಅಳತೀಯೇನಲೇ?” ಈ ಪ್ರಶ್ನೆಯನ್ನು ಗೇಲಿ ಅಂತ ಬಿಡದೆ, ಇವತ್ತು ಪಾಠವಾಗಿ ತೊಗೊಳ್ಳೋಣ. ಕಥೆ ಮೊದಲೇ ಗೊತ್ತಾಗಬಾರದು ಅನ್ನೋರು ಸರಣಿ ನೋಡಿ ಬಂದು ಓದಿ.

ಕಥೆ ಇಷ್ಟು

ಅಕಿಹಿತೊ ತ್ಸುಕುಶಿಯವರ ಮಾಂಗಾ ಆಧರಿಸಿ 2017ರಲ್ಲಿ 13 ಕಂತುಗಳಲ್ಲಿ ಬಂದ ಸರಣಿ ಇದು. ರಿಕೊ ಎಂಬ ಹುಡುಗಿ, ರೆಗ್ ಎಂಬ ಯಂತ್ರಬಾಲಕ ತಳ ಕಾಣದ ದೊಡ್ಡ ಕುಳಿಗೆ ಇಳಿಯುತ್ತಾರೆ. ಇಳಿಯೋದು ಸುಲಭ, ಏರೋದೇ ಶಾಪ. ಮೊದಲ ಹಂತದಲ್ಲಿ ತಲೆಸುತ್ತು, ವಾಕರಿಕೆ. ಆರನೇ ಹಂತದಿಂದ ಏರಿದರೆ ಮನುಷ್ಯತ್ವವೇ ಹೋಗುತ್ತದೆ, ಇಲ್ಲವೇ ಸಾವು. ಬೊಂಡ್ರ್ಯೂಡ್ ಎಂಬ ಸಂಶೋಧಕನ ಪ್ರಯೋಗಕ್ಕೆ ಸಿಕ್ಕ ಮಿಟ್ಟಿ ಎಂಬ ಹುಡುಗಿ ಆಕಾರ ಕಳೆದುಕೊಂಡು, ಸಾಯಲೂ ಆಗದ ಮಾಂಸದ ಮುದ್ದೆಯಾಗುತ್ತಾಳೆ. ಅವಳನ್ನು ಬಿಡುಗಡೆ ಮಾಡು ಅಂತ ಒಡನಾಡಿ ನಾನಾಚಿಯೇ ರೆಗ್‌ನನ್ನು ಬೇಡಿಕೊಳ್ಳಬೇಕಾಗುತ್ತದೆ.

ಶಾಸ್ತ್ರ ಏನನ್ನುತ್ತದೆ?

ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಬೀಭತ್ಸವೂ ಒಂದು. ಅದರ ಸ್ಥಾಯಿಭಾವ ಜುಗುಪ್ಸೆ, ಅಂದರೆ ಹೇಸಿಗೆ. ರಕ್ತ ನೋಡಿ ಹುಟ್ಟುವುದು ಕ್ಷೋಭಜ, ಹುಳು-ಹೊಲಸು ನೋಡಿ ಹುಟ್ಟುವುದು ಉದ್ವೇಗಿ ಅಂತ ಭರತ ವಿಂಗಡಿಸುತ್ತಾನೆ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ ಅಂತಲೂ ಹೇಳುತ್ತಾನೆ. ಆದರೆ ಮಿಟ್ಟಿಯನ್ನು ನೋಡಿದಾಗ ನಮಗೆ ಆಗುವುದು ಭಯವಲ್ಲ, ಮರುಕ. ಇಲ್ಲೇ ನಮ್ಮ ಪ್ರಶ್ನೆಯ ಗಂಟು ಇರೋದು.

ಹೇಸಿಗೆ ನಮ್ಮನ್ನು ಹಿಂದಕ್ಕೆ ತಳ್ಳುತ್ತದೆ, ಪ್ರೀತಿ ಮುಂದಕ್ಕೆ ಎಳೆಯುತ್ತದೆ. ಗುರುತಿಲ್ಲದ ದೇಹವಾದರೆ ಮುಖ ತಿರುಗಿಸಿ ಮುಗಿಸುತ್ತೇವೆ. ಮಿಟ್ಟಿಯ ನಗು, ಹಟ, ಗೆಳೆತನ ನೋಡಿದ ಮೇಲೆ ಮುಖ ತಿರುಗಿಸೋಕೆ ಆಗೋದಿಲ್ಲ. ಎರಡೂ ಬಲ ಒಟ್ಟಿಗೆ ಜಗ್ಗಿದಾಗ ಹೇಸಿಗೆ ಕರಗಿ ಕರುಣ ಆಗುತ್ತದೆ.

ನಮ್ಮ ನೆಲದ ಉದಾಹರಣೆ

ಇದಕ್ಕೆ ಜಪಾನಿನ ತನಕ ಹೋಗಬೇಕಿಲ್ಲ. ರನ್ನ ಮುಧೋಳದವನು, 1997ರವರೆಗೆ ಮುಧೋಳ ನಮ್ಮ ಜಿಲ್ಲೆಯಲ್ಲೇ ಇತ್ತು. ಅವನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ಮರುಳುಗಳು ಅವನನ್ನು ಗೇಲಿ ಮಾಡುತ್ತವೆ. ಅಲ್ಲಿಯವರೆಗೆ ಬೀಭತ್ಸ. ಆಮೇಲೆ ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಕಾಣುತ್ತಾರೆ. ಹೆಣಕ್ಕೆ ಹೆಸರು ಬಂದ ಕೂಡಲೇ ರಸ ಬದಲಾಗುತ್ತದೆ. ಖಳನೆಂದು ಬೈದವರೂ ಅವನ ಜೊತೆ ಅಳುತ್ತಾರೆ.

ಕನಮಡಿ, ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದ ನಮ್ಮವರಿಗೆ ಮೊಹರಂ ಪದಗಳು ಹೊಸದಲ್ಲ. 680ರ ಕರ್ಬಲಾದ ಬಾಯಾರಿಕೆ, ಗಾಯ, ಕೂಸಿನ ಕೊರಳಿಗೆ ನೆಟ್ಟ ಬಾಣ: ಎಲ್ಲಾ ನಮ್ಮ ಕನ್ನಡದಲ್ಲೇ ಹಾಡ್ತಾರೆ. ಕೇಳುವವರು ಹಿಂದೂ ಇರಲಿ, ಮುಸ್ಲಿಂ ಇರಲಿ, ಕಣ್ಣು ಒರೆಸಿಕೊಳ್ತಾರೆ. ಅವರನ್ನು ಯಾರೂ ಹೇಡಿ ಅನ್ನೋದಿಲ್ಲ. ಹಾಗಿದ್ದರೆ ಅನಿಮೆ ನೋಡಿ ಅತ್ತವನನ್ನು ಯಾಕೆ ಅನ್ನಬೇಕು?

ಒಂದು ಎಚ್ಚರಿಕೆ

ಹೆಚ್ಚೂಕಡಿಮೆ ರನ್ನನ ಕಾಲದಲ್ಲೇ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅದರಲ್ಲೊಂದು, ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿರುವುದು. ಮನೆಯಲ್ಲಿ ಈಗಷ್ಟೇ ಸಾವು ಕಂಡವನಿಗೆ, ಅಪಘಾತ ಕಣ್ಣಾರೆ ನೋಡಿದವಳಿಗೆ ಇಂಥ ದೃಶ್ಯ ರಸ ಆಗೋದಿಲ್ಲ, ಗಾಯ ಕೆದರಿದಂತೆ ಆಗುತ್ತದೆ. ಅಂಥವರಿಗೆ “ನೋಡೋ, ಏನಾಗಂಗಿಲ್ಲ” ಅಂತ ಒತ್ತಾಯ ಮಾಡೋದು ಬೇಡ. ನಡುವೆ ಎದ್ದು ಹೋದರೆ ಹೋಗಲಿ ಬಿಡಿ.

ಈ ಸರಣಿಯ ಮೇಲೂ ಆಕ್ಷೇಪ ಇದೆ: ಮಕ್ಕಳ ನೋವನ್ನು ಇಷ್ಟು ಬಿಚ್ಚಿ ತೋರಿಸಬೇಕಿತ್ತೇ? ಅಳೆಯೋಕೆ ನಾವು ಎರಡು ಪ್ರಶ್ನೆ ಇಟ್ಟುಕೊಳ್ಳಬಹುದು. ದೃಶ್ಯ ಮುಗಿದ ಮೇಲೆ ನೆನಪಲ್ಲಿ ಉಳಿದದ್ದು ಗಾಯವೋ, ಗಾಯಗೊಂಡವರೋ? ಆ ನೋವಿಗೆ ಕಥೆ ಮುಂದೆ ಬೆಲೆ ಕೊಟ್ಟಿತೋ, ಮರೆತುಬಿಟ್ಟಿತೋ? ಗಾಯ ಮಾತ್ರ ಉಳಿದರೆ ಅದು ಬರೀ ಪ್ರದರ್ಶನ. ಮನುಷ್ಯರು ಉಳಿದರೆ ಅದು ರಸ. ಮುಂದಿನ ಸರಣಿ ನೋಡುವಾಗ ಇವೆರಡನ್ನೂ ಕೇಳಿಕೊಂಡು ನೋಡಿ. ಉತ್ತರ ಒಬ್ಬೊಬ್ಬರದು ಒಂದೊಂದು ಬಂದರೆ ಕ್ಲಬ್ಬಿನ ಚರ್ಚೆಗೆ ತನ್ನಿ.